ಅಕ್ಷರಗಳ ಹಗೇವು: ವಂಶವಾಹಿ ಅನುಕ್ರಮಗಳ ಸಾರ್ವಜನಿಕ ದತ್ತಾಂಶಕೋಶಗಳು

ಪೀಠಿಕೆ

ಹೊಸೂರು, ಡೆಂಕಣಿಕೋಟೆ, ಶೂಲಗಿರಿ ಭಾಗಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಅನೇಕರು ರಾಗಿ ಬೆಳೆಯುವ ಮನೆಗಳಿಂದ ಬಂದವರು. ಬಿತ್ತನೆ, ಕಳೆ, ಕೊಯ್ಲು, ಕಣ ಇವೆಲ್ಲವನ್ನೂ ಅವರು ಪಠ್ಯಪುಸ್ತಕಕ್ಕಿಂತ ಮೊದಲೇ ಬಲ್ಲರು. ಆದರೆ ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಅನುವಂಶೀಯತೆಯ ಪಾಠವನ್ನು ಮಾಡುವಾಗ ನಾವು ಮೆಂಡಲನ ಬಟಾಣಿ ಗಿಡದಿಂದ ಆರಂಭಿಸಿ ಡಿಎನ್‌ಎಯ ಏಣಿಯಂತಹ ಚಿತ್ರದಲ್ಲಿ ಮುಗಿಸುತ್ತೇವೆ. ಮನೆಯ ರಾಗಿ ತರಗತಿಯ ಹೊರಗೇ ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ನಡೆದ ತರಬೇತಿ ಶಿಬಿರವೊಂದರಲ್ಲಿ ಶಿಕ್ಷಕಿಯೊಬ್ಬರು ತಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ನನ್ನ ಮುಂದಿಟ್ಟರು: “ಟೀಚರ್, ನಮ್ಮ ಹೊಲದ ರಾಗೀಲೂ ಡಿಎನ್‌ಎ ಇರುತ್ತಾ? ಅದನ್ನ ಯಾರಾದ್ರೂ ಓದಿದಾರಾ?” ಮೊದಲ ಪ್ರಶ್ನೆಗೆ ಆ ಶಿಕ್ಷಕಿ ಉತ್ತರ ಕೊಟ್ಟಿದ್ದರು. ಎರಡನೆಯದಕ್ಕೆ ಅವರಲ್ಲಿಯೂ ಉತ್ತರವಿರಲಿಲ್ಲ, ಅಂದು ನನ್ನಲ್ಲಿಯೂ ಇರಲಿಲ್ಲ. ಉತ್ತರವು ಹೊಸೂರಿನಿಂದ ಸುಮಾರು ಎರಡು ಗಂಟೆಯ ಬಸ್ಸು ಪ್ರಯಾಣದ ದೂರದಲ್ಲಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಈ ಪಾಠಲೇಖನವು ಆ ಮಗುವಿನ ಎರಡನೆಯ ಪ್ರಶ್ನೆಗೆ ಉತ್ತರ.

ಕಲಿಕೆಯ ಉದ್ದೇಶಗಳು

1. ಡಿಎನ್‌ಎ ಅನುಕ್ರಮವೆಂದರೇನು, ಅದನ್ನು ಏಕೆ ಒಂದೆಡೆ ಕೂಡಿಡುತ್ತಾರೆ ಎಂಬುದನ್ನು ವಿವರಿಸುವುದು.
2. ದತ್ತಾಂಶಕೋಶದ ಒಂದು ದಾಖಲೆಯಲ್ಲಿ ಏನೇನು ಇರುತ್ತದೆ ಎಂಬುದನ್ನು ಗುರುತಿಸುವುದು.
3. ಎರಡು ಅನುಕ್ರಮಗಳನ್ನು ಹೋಲಿಸುವ ತತ್ತ್ವವನ್ನು ಚಟುವಟಿಕೆಯ ಮೂಲಕ ಅರಿಯುವುದು.
4. ಮುಕ್ತವಾಗಿ ಹಂಚಿಕೊಂಡ ಜ್ಞಾನದ ಪ್ರಯೋಜನವನ್ನೂ ಅದರ ಹೊಣೆಯನ್ನೂ ಚರ್ಚಿಸುವುದು.

ವಿಷಯ ವಿವರಣೆ

ನಾಲ್ಕು ಅಕ್ಷರಗಳ ಬರಹ

ಪ್ರತಿಯೊಂದು ಜೀವಕೋಶದ ಡಿಎನ್‌ಎಯಲ್ಲಿ ಅಡಿನೈನ್, ಥೈಮಿನ್, ಗ್ವಾನಿನ್, ಸೈಟೋಸಿನ್ ಎಂಬ ನಾಲ್ಕು ಘಟಕಗಳು ಒಂದಾದ ಮೇಲೊಂದರಂತೆ ಸಾಲಾಗಿ ನಿಂತಿರುತ್ತವೆ. ಈ ಸಾಲಿನ ಕ್ರಮವೇ ಅನುಕ್ರಮ. ಬರೆಯುವಾಗ ಪ್ರತಿ ಘಟಕಕ್ಕೂ ಒಂದೊಂದು ಅಕ್ಷರವನ್ನು ಬಳಸುವುದರಿಂದ ಒಂದು ಜೀವಿಯ ಆನುವಂಶಿಕ ಮಾಹಿತಿಯನ್ನು ನಾಲ್ಕೇ ಅಕ್ಷರಗಳ ಬಹು ದೀರ್ಘವಾದ ಬರಹವೆಂದು ಭಾವಿಸಬಹುದು. ಒಂದು ಜೀವಿಯ ಇಡೀ ಬರಹಕ್ಕೆ ಜೀನೋಮ್ ಎಂದು ಹೆಸರು.

ರಾಗಿಯ ಜೀನೋಮನ್ನು ಓದಿ 2017ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ಶೈಲಜಾ ಹಿತ್ತಲಮನಿ ಮತ್ತು ಅವರ ಸಂಗಡಿಗರು. ಬರವನ್ನು ತಡೆದುಕೊಳ್ಳುವ ಎಂ.ಎಲ್.-365 ಎಂಬ ತಳಿಯನ್ನು ಅವರು ಆರಿಸಿಕೊಂಡರು. ಅವರು ಜೋಡಿಸಿದ ಬರಹದ ಉದ್ದ ಸುಮಾರು 119.6 ಕೋಟಿ ಅಕ್ಷರಗಳು. ಇದು ರಾಗಿಯ ಒಟ್ಟು ಜೀನೋಮಿನ ಶೇಕಡ 82ರಷ್ಟು ಭಾಗವೆಂದು ಅಂದಾಜು. ಪುಟವೊಂದಕ್ಕೆ 2000 ಅಕ್ಷರಗಳಂತೆ ಅಚ್ಚು ಹಾಕಿದರೆ ಸುಮಾರು 6 ಲಕ್ಷ ಪುಟಗಳಾಗುತ್ತವೆ. ಅಂದರೆ 200 ಪುಟಗಳ 3000 ಪಠ್ಯಪುಸ್ತಕಗಳು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು.

ಇಷ್ಟು ದೊಡ್ಡ ಬರಹವನ್ನು ಒಂದು ಪ್ರಯೋಗಾಲಯವು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರೆ ಪ್ರಯೋಜನವೇನು? ದತ್ತಾಂಶಕೋಶದ ಅಗತ್ಯ ಇಲ್ಲಿಂದ ಆರಂಭವಾಗುತ್ತದೆ.

ಹಗೇವಿನ ಹೋಲಿಕೆ

ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದುದನ್ನು ಮಕ್ಕಳು ಅಜ್ಜ ಅಜ್ಜಿಯರಿಂದ ಕೇಳಿರಬಹುದು. ಗಟ್ಟಿ ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಒಣಗಿದ ರಾಗಿಯನ್ನು ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿದರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಸುಗ್ಗಿಯಲ್ಲಿ ತುಂಬಿದ್ದನ್ನು ಬರಗಾಲದಲ್ಲಿ ತೆಗೆಯುತ್ತಿದ್ದರು.

ವಂಶವಾಹಿ ಅನುಕ್ರಮಗಳ ಸಾರ್ವಜನಿಕ ಕೋಶವೂ ಒಂದು ಹಗೇವೇ. ಇಂದು ಯಾರೋ ತುಂಬಿದ್ದು ಮುಂದೆ ಇನ್ನಾರಿಗೋ ಒದಗುತ್ತದೆ. ವ್ಯತ್ಯಾಸಗಳು ಎರಡು. ಮೊದಲನೆಯದಾಗಿ, ಹಗೇವಿನಿಂದ ತೆಗೆದಷ್ಟೂ ರಾಗಿ ಕಡಿಮೆಯಾಗುತ್ತದೆ. ಈ ಕೋಶದಿಂದ ಎಷ್ಟು ಮಂದಿ ಎಷ್ಟು ಸಲ ತೆಗೆದುಕೊಂಡರೂ ಸಂಗ್ರಹ ಕುಗ್ಗುವುದಿಲ್ಲ. ಎರಡನೆಯದಾಗಿ, ಹಗೇವು ಒಂದು ಮನೆಗೆ ಇಲ್ಲವೇ ಒಂದು ಊರಿಗೆ ಸೇರಿದ್ದು. ಇದರ ಬಾಯಿ ಎಲ್ಲರಿಗೂ ತೆರೆದಿದೆ. ಹಣ ತೆರಬೇಕಾಗಿಲ್ಲ, ಪದವಿಪತ್ರ ತೋರಿಸಬೇಕಾಗಿಲ್ಲ.

ಕೋಶಗಳು ಬೆಳೆದು ಬಂದ ಬಗೆ

1965ರಲ್ಲಿ ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಡೇಹಾಫ್ ಮತ್ತು ಅವರ ಸಂಗಡಿಗರು ಆವರೆಗೆ ತಿಳಿದಿದ್ದ 65 ಪ್ರೋಟೀನುಗಳ ಅನುಕ್ರಮಗಳನ್ನು ಒಂದು ಪುಸ್ತಕವಾಗಿ ಅಚ್ಚು ಹಾಕಿಸಿದರು. ಚದುರಿದ ಮಾಹಿತಿಯನ್ನು ಒಂದೆಡೆ ಕೂಡಿಸಿದರೆ ಜೀವಿಗಳ ನಂಟನ್ನು ಹೋಲಿಸಿ ನೋಡಬಹುದೆಂಬುದು ಆ ಪುಸ್ತಕದಿಂದ ಸ್ಪಷ್ಟವಾಯಿತು. ಡಿಎನ್‌ಎಯನ್ನು ಓದುವ ವಿಧಾನಗಳು 1970ರ ದಶಕದಲ್ಲಿ ಸುಧಾರಿಸಿದ ಮೇಲೆ ಪುಸ್ತಕ ಸಾಲದಾಯಿತು. 1980ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಯುರೋಪಿನ ಕೋಶವು ರೂಪುಗೊಂಡಿತು. 1982ರಲ್ಲಿ ಅಮೆರಿಕದಲ್ಲಿ ಜೆನ್‌ಬ್ಯಾಂಕ್ ಆರಂಭವಾಯಿತು. ಜಪಾನಿನ ಮಿಶಿಮಾದಲ್ಲಿ ಡಿಡಿಬಿಜೆ ಎಂಬ ಕೋಶವು 1987ರಲ್ಲಿ ತನ್ನ ಮೊದಲ ಸಂಗ್ರಹವನ್ನು ಹೊರತಂದಿತು.

ಈ ಮೂರು ಕೋಶಗಳು ತಮ್ಮಲ್ಲಿಗೆ ಬಂದ ದಾಖಲೆಗಳನ್ನು ಪ್ರತಿದಿನವೂ ಪರಸ್ಪರ ಹಂಚಿಕೊಳ್ಳುತ್ತವೆ. ಆದ್ದರಿಂದ ಒಂದು ಕಡೆ ಸಲ್ಲಿಸಿದ ಅನುಕ್ರಮವು ಮೂರು ಕಡೆಯೂ ದೊರೆಯುತ್ತದೆ. 1982ರ ಕೊನೆಯಲ್ಲಿ ಜೆನ್‌ಬ್ಯಾಂಕಿನಲ್ಲಿ ಇದ್ದವು 606 ದಾಖಲೆಗಳು, ಸುಮಾರು 6 ಲಕ್ಷ 80 ಸಾವಿರ ಅಕ್ಷರಗಳು. ಇಂದು ಅಲ್ಲಿ 5 ಲಕ್ಷಕ್ಕೂ ಹೆಚ್ಚು ಪ್ರಭೇದದ ಜೀವಿಗಳ ಅನುಕ್ರಮಗಳಿವೆ. ಸಂಶೋಧನ ಪತ್ರಿಕೆಗಳು ಲೇಖನವನ್ನು ಪ್ರಕಟಿಸುವ ಮುನ್ನ ಅನುಕ್ರಮವನ್ನು ಸಾರ್ವಜನಿಕ ಕೋಶಕ್ಕೆ ಒಪ್ಪಿಸಿರಬೇಕೆಂದು ವಿಧಿಸಿದ್ದು ಈ ಬೆಳವಣಿಗೆಗೆ ಒಂದು ಮುಖ್ಯ ಕಾರಣ.

ಭಾರತದಲ್ಲಿಯೂ ಇಂತಹ ಸಂಸ್ಥೆಯೊಂದಿದೆ. ಹರಿಯಾಣದ ಫರೀದಾಬಾದಿನಲ್ಲಿರುವ ಭಾರತೀಯ ಜೈವಿಕ ದತ್ತಾಂಶ ಕೇಂದ್ರವನ್ನು 2022ರ ನವೆಂಬರ್‌ನಲ್ಲಿ ರಾಷ್ಟ್ರಕ್ಕೆ ಅರ್ಪಿಸಲಾಯಿತು. ನಮ್ಮ ದೇಶದ ಸಂಶೋಧಕರು ತಮ್ಮ ದತ್ತಾಂಶವನ್ನು ಇಲ್ಲಿಯೇ ಇರಿಸಲು ಈಗ ಅವಕಾಶವಿದೆ.

ಒಂದು ದಾಖಲೆಯ ಒಳಗೆ

ಕೋಶದಲ್ಲಿರುವುದು ಬರಿಯ ಅಕ್ಷರಗಳ ರಾಶಿಯಲ್ಲ. ಪ್ರತಿ ದಾಖಲೆಗೂ ಒಂದು ಕ್ರಮಸಂಖ್ಯೆ ಇರುತ್ತದೆ. ಜಮೀನಿಗೆ ಸರ್ವೆ ನಂಬರ್ ಇದ್ದಂತೆ ಇದು. ಒಮ್ಮೆ ಕೊಟ್ಟ ಸಂಖ್ಯೆ ಮತ್ತೊಂದಕ್ಕೆ ಸಿಗುವುದಿಲ್ಲ. ಅನುಕ್ರಮವನ್ನು ತಿದ್ದಿದರೆ ಸಂಖ್ಯೆಯ ಮುಂದೆ 1, 2 ಎಂದು ಆವೃತ್ತಿ ಬದಲಾಗುತ್ತದೆಯೇ ಹೊರತು ಹಳೆಯದು ಅಳಿಸಿಹೋಗುವುದಿಲ್ಲ. ಪಟ್ಟಾ ಮತ್ತು ಚಿಟ್ಟಾಗಳಲ್ಲಿ ಒಡೆಯನ ಹೆಸರು, ಊರು, ವಿಸ್ತೀರ್ಣ ಇರುವಂತೆ ಇಲ್ಲಿ ಜೀವಿಯ ವೈಜ್ಞಾನಿಕ ಹೆಸರು, ತಳಿ, ಮಾದರಿಯನ್ನು ಸಂಗ್ರಹಿಸಿದ ದೇಶ ಮತ್ತು ದಿನ, ಸಲ್ಲಿಸಿದವರ ಹೆಸರು, ಯಾವ ಭಾಗದಲ್ಲಿ ಯಾವ ವಂಶವಾಹಿ ಇದೆ ಎಂಬ ಸೂಚನೆಗಳಿಗೆ ಸ್ಥಾನವಿರುತ್ತದೆ. ಕೊನೆಯಲ್ಲಿ ಅನುಕ್ರಮವು ಬರುತ್ತದೆ. ಜೆನ್‌ಬ್ಯಾಂಕಿನ ದಾಖಲೆಯಲ್ಲಿ ಅದನ್ನು ಸಾಲಿಗೆ 60 ಅಕ್ಷರಗಳಂತೆ, ಹತ್ತು ಹತ್ತು ಅಕ್ಷರಗಳ ಆರು ಗುಂಪುಗಳಾಗಿ ಬರೆದಿರುತ್ತಾರೆ.

ವೈಜ್ಞಾನಿಕ ಹೆಸರು ಏಕೆ ಬೇಕೆಂಬುದನ್ನು ನಮ್ಮ ಗಡಿನಾಡಿನ ಮಕ್ಕಳಿಗೆ ವಿವರಿಸುವುದು ಬಹಳ ಸುಲಭ. ಮನೆಯಲ್ಲಿ ರಾಗಿ ಎನ್ನುವುದನ್ನೇ ಸಂತೆಯಲ್ಲಿ ತಮಿಳಿನವರು ಕೇಳ್ವರಗು ಎನ್ನುತ್ತಾರೆ, ತೆಲುಗಿನವರು ರಾಗುಲು ಎನ್ನುತ್ತಾರೆ. ಒಂದೇ ಕಾಳಿಗೆ ಹಲವು ಹೆಸರು. ಎಲ್ಯುಸಿನ್ ಕೊರಕಾನ ಎಂದು ಬರೆದರೆ ಜಗತ್ತಿನ ಯಾವ ಮೂಲೆಯಲ್ಲಿಯೂ ಸಂಶಯಕ್ಕೆ ಎಡೆಯಿರುವುದಿಲ್ಲ.

ಕೋಶವು ಪ್ರಮಾಣಗ್ರಂಥವಲ್ಲ

ಕೋಶದಲ್ಲಿರುವುದೆಲ್ಲ ಅಂತಿಮ ಸತ್ಯವೆಂದು ಮಕ್ಕಳು ಭಾವಿಸಬಾರದು. 2017ರ ಅಧ್ಯಯನವು ರಾಗಿಯಲ್ಲಿ 85,243 ವಂಶವಾಹಿಗಳಿವೆಯೆಂದು ಅಂದಾಜಿಸಿತು. 2018ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾನಿಲಯದ ಸಂಶೋಧಕರು ಇತರ ದೇಶಗಳವರೊಡನೆ ಕೂಡಿ ಪಿ.ಆರ್. 202 ಎಂಬ ಭಾರತೀಯ ತಳಿಯನ್ನು ಓದಿ 62,348 ಎಂದರು. ಇಷ್ಟು ಅಂತರಕ್ಕೆ ತಳಿಭೇದವೊಂದೇ ಕಾರಣವಾಗಲಾರದು. ತುಣುಕುಗಳನ್ನು ಜೋಡಿಸುವ ವಿಧಾನ ಮತ್ತು ವಂಶವಾಹಿಯ ಆರಂಭ ಹಾಗೂ ಅಂತ್ಯಗಳನ್ನು ಗುರುತಿಸುವ ವಿಧಾನ ಬೇರೆಯಾದಾಗ ಎಣಿಕೆಯೂ ಬೇರೆಯಾಗುತ್ತದೆ. ರಾಗಿಯಲ್ಲಿ ಈ ಕೆಲಸ ಇನ್ನಷ್ಟು ಕಠಿಣ. ಏಕೆಂದರೆ ಅದರ 36 ವರ್ಣತಂತುಗಳು ಎರಡು ಬೇರೆ ಬೇರೆ ಹುಲ್ಲುಗಳ ಕೂಡಿಕೆಯಿಂದ ಬಂದವು. ಒಂದೇ ಬಗೆಯ ಬರಹದ ಎರಡು ಪ್ರತಿಗಳು ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಒಟ್ಟಿಗೆ ಇವೆ. ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ 2023ರಲ್ಲಿ ಪ್ರಕಟವಾದ ಮೂರನೆಯ ಅಧ್ಯಯನವು ವರ್ಣತಂತುಗಳ ಮಟ್ಟದವರೆಗೆ ಬರಹವನ್ನು ಜೋಡಿಸಿತು. ಆ ಎರಡು ಹುಲ್ಲುಗಳ ಕೂಡಿಕೆ ಸುಮಾರು 13 ಲಕ್ಷ ವರ್ಷಗಳಷ್ಟು ಹಿಂದಿನದೆಂದು ಅದು ಅಂದಾಜಿಸಿತು.

ಮೊದಲಿನವರು ತಮ್ಮ ಬರಹವನ್ನು ತೆರೆದಿಟ್ಟಿದ್ದರಿಂದಲೇ ನಂತರದವರು ಹೋಲಿಸಿ, ತಿದ್ದಿ, ಮುಂದುವರಿಸಬಲ್ಲವರಾದರು. ತೆರೆದಿಟ್ಟ ತಪ್ಪನ್ನು ತಿದ್ದಬಹುದು, ಬಚ್ಚಿಟ್ಟ ತಪ್ಪನ್ನು ತಿದ್ದಲಾಗದು ಎಂಬ ಮಾತನ್ನು ತರಗತಿಯಲ್ಲಿ ಒತ್ತಿ ಹೇಳಬೇಕು.

ಉಪಯೋಗದ ಎರಡು ನಿದರ್ಶನಗಳು

ಮೊದಲನೆಯದು ಮಕ್ಕಳ ನೆನಪಿನಲ್ಲಿಯೇ ಇರುವ ಕೋವಿಡ್. ಹೊಸ ವೈರಾಣುವಿನ 29,903 ಅಕ್ಷರಗಳ ಅನುಕ್ರಮವು 2020ರ ಜನವರಿ ಎರಡನೆಯ ವಾರದ ವೇಳೆಗೆ ಸಾರ್ವಜನಿಕವಾಗಿ ಲಭ್ಯವಾಯಿತು. ವೈರಾಣುವಿನ ಮಾದರಿಯು ಕೈಸೇರುವುದನ್ನು ಕಾಯದೆ ಅನೇಕ ದೇಶಗಳ ಪ್ರಯೋಗಾಲಯಗಳು ಅಕ್ಷರಗಳನ್ನೇ ನೋಡಿ ಪರೀಕ್ಷಾ ವಿಧಾನವನ್ನು ರೂಪಿಸಿದವು. ಲಸಿಕೆಯ ಕೆಲಸವೂ ಅಲ್ಲಿಂದಲೇ ಆರಂಭವಾಯಿತು. ಭಾರತದ ಮೊದಲ ರೋಗಿಯು ಕೇರಳದಲ್ಲಿ ಪತ್ತೆಯಾದದ್ದು ಅದೇ ಜನವರಿ 30ರಂದು. ಆ ಅನುಕ್ರಮವು ಯಾವುದೋ ಒಂದು ದೇಶದ ಬೀಗದೊಳಗೆ ಇದ್ದಿದ್ದರೆ ಕಳೆದುಹೋಗುತ್ತಿದ್ದ ದಿನಗಳ ಬೆಲೆಯನ್ನು ಮಕ್ಕಳೇ ಊಹಿಸಬಲ್ಲರು.

ಎರಡನೆಯದು ನಮ್ಮ ಹೊಲದ್ದು. ರಾಗಿಯ ಬೆಂಕಿ ರೋಗವು ಎಲೆಯನ್ನೂ ತೆನೆಯ ಕತ್ತನ್ನೂ ಇಲುಕುಗಳನ್ನೂ ಹಾಳುಮಾಡುವುದನ್ನು ರೈತರ ಮಕ್ಕಳು ಕಂಡಿರುತ್ತಾರೆ. ಇದೇ ಬಳಗದ ಶಿಲೀಂಧ್ರವು ಬತ್ತಕ್ಕೂ ಬೆಂಕಿ ರೋಗ ತರುತ್ತದೆ. ಬತ್ತದ ಜೀನೋಮನ್ನು ಭಾರತವೂ ಸೇರಿದಂತೆ ಹಲವು ದೇಶಗಳು ಕೂಡಿ ಓದಿ 2005ರಲ್ಲಿ ಪ್ರಕಟಿಸಿದವು. ಬತ್ತದ ಬೆಂಕಿ ರೋಗದ ಶಿಲೀಂಧ್ರದ ಜೀನೋಮ್ ಕೂಡ ಅದೇ ವರ್ಷ ಪ್ರಕಟವಾಯಿತು. ಬತ್ತದಲ್ಲಿ ರೋಗವನ್ನು ತಡೆಯುವ ವಂಶವಾಹಿಗೆ ಹೋಲುವ ಸಾಲು ರಾಗಿಯಲ್ಲಿದೆಯೇ ಎಂದು ಕೋಶದಲ್ಲಿ ಹುಡುಕಬಹುದು. ಸಿಕ್ಕರೆ, ತಳಿ ಅಭಿವೃದ್ಧಿಪಡಿಸುವವರಿಗೆ ಎಲ್ಲಿ ನೋಡಬೇಕೆಂಬ ಸುಳಿವು ದೊರೆಯುತ್ತದೆ. ರಾಗಿಯ ತಳಿ ಅಭಿವೃದ್ಧಿಯು ಕಂಪ್ಯೂಟರಿನಿಂದ ಆರಂಭವಾದದ್ದಲ್ಲ. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ನಮ್ಮ ಜಿಲ್ಲೆಯ ಪೈಯೂರಿನ ಸಂಶೋಧನ ಕೇಂದ್ರವೂ ಪೈಯೂರು ಹೆಸರಿನ ರಾಗಿ ತಳಿಗಳನ್ನು ಹೊರತಂದಿದೆ. ಹೊಲದಲ್ಲಿ ನಿಂತು ಆರಿಸುವ ಆ ಕಣ್ಣಿಗೆ ಕೋಶವು ನೆರವಾಗುತ್ತದೆಯೇ ಹೊರತು ಅದರ ಬದಲಿಗೆ ಬರುವುದಿಲ್ಲ.

ತೆರೆದ ಬಾಗಿಲಿನ ಹೊಣೆ

ಇಲ್ಲಿ ಒಂದು ಕಠಿಣ ಪ್ರಶ್ನೆಯನ್ನು ಮಕ್ಕಳಿಂದ ಮರೆಮಾಡಬಾರದು. ಒಂದು ತಳಿಯನ್ನು ತಲೆಮಾರುಗಳಿಂದ ಕಾಪಾಡಿದವರು ರೈತರು. ಅದರ ಬೀಜವನ್ನು ವಾಣಿಜ್ಯಕ್ಕಾಗಿ ಪಡೆಯುವವರು ಲಾಭದ ಪಾಲನ್ನು ಹಂಚಿಕೊಳ್ಳಬೇಕೆಂಬ ತತ್ತ್ವವು 1992ರ ಜೀವವೈವಿಧ್ಯ ಒಡಂಬಡಿಕೆಯಲ್ಲಿಯೂ ನಮ್ಮ ದೇಶದ 2002ರ ಜೈವಿಕ ವೈವಿಧ್ಯ ಕಾಯಿದೆಯಲ್ಲಿಯೂ ಇದೆ. ಆದರೆ ಬೀಜವನ್ನು ಮುಟ್ಟದೆ, ಕೋಶದಲ್ಲಿರುವ ಅಕ್ಷರಗಳನ್ನಷ್ಟೇ ಬಳಸಿ ಲಾಭ ಗಳಿಸಿದರೆ ರೈತನ ಪಾಲೇನು? ಬಾಗಿಲು ಮುಚ್ಚಿದರೆ ನಮ್ಮ ಸಂಶೋಧಕರೂ ಹೊರಗುಳಿಯುತ್ತಾರೆ. ತೆರೆದೇ ಇಟ್ಟರೆ ಬಲಾಢ್ಯರು ಹೆಚ್ಚು ಹೊತ್ತೊಯ್ಯುತ್ತಾರೆ. ಈ ಇಕ್ಕಟ್ಟಿಗೆ ಪರಿಹಾರವಾಗಿ, ಅನುಕ್ರಮಗಳಿಂದ ಲಾಭ ಪಡೆಯುವ ಕಂಪನಿಗಳು ಸ್ವಇಚ್ಛೆಯಿಂದ ಹಣ ಸಲ್ಲಿಸುವ ಕಾಲಿ ನಿಧಿ ಎಂಬ ಅಂತರರಾಷ್ಟ್ರೀಯ ನಿಧಿಯು 2025ರ ಫೆಬ್ರವರಿಯಲ್ಲಿ ಆರಂಭವಾಗಿದೆ. ಬಾಗಿಲು ತೆರೆದೇ ಇರಲಿ, ಪಾಲೂ ಸಲ್ಲಲಿ ಎಂಬುದು ಅದರ ಆಶಯ.

ಮನುಷ್ಯರ ಅನುಕ್ರಮಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಭಾರತದ 10,000 ಮಂದಿಯ ಜೀನೋಮುಗಳನ್ನು ಓದಿದ ಜೀನೋಮ್ ಇಂಡಿಯಾ ಯೋಜನೆಯ ದತ್ತಾಂಶವನ್ನು 2025ರ ಜನವರಿಯಲ್ಲಿ ಫರೀದಾಬಾದಿನ ಕೇಂದ್ರದ ಮೂಲಕ ಸಂಶೋಧಕರಿಗೆ ಒದಗಿಸಲಾಯಿತು. ಆದರೆ ಅದನ್ನು ರಾಗಿಯ ಬರಹದಂತೆ ಯಾರು ಬೇಕಾದರೂ ತೆಗೆಯಲಾಗದು. ಅರ್ಜಿ ಸಲ್ಲಿಸಿ ನಿಯಮಗಳಿಗೆ ಒಪ್ಪಬೇಕು. ಒಬ್ಬ ವ್ಯಕ್ತಿಯ ಅನುಕ್ರಮವು ಅವನ ಮತ್ತು ಅವನ ಕುಟುಂಬದ ಖಾಸಗಿ ಸಂಗತಿಯನ್ನು ಹೊರಗೆಡವಬಲ್ಲದು ಎಂಬುದೇ ಇದಕ್ಕೆ ಕಾರಣ.

ತರಗತಿಯ ಚಟುವಟಿಕೆಗಳು

ಚಟುವಟಿಕೆ 1: ಕಾಗದದ ಕೋಶ

ಕಂಪ್ಯೂಟರ್ ಇಲ್ಲದ ಶಾಲೆಯಲ್ಲಿಯೂ ಇದನ್ನು ಮಾಡಬಹುದು. ಅಡಿನೈನ್‌ಗೆ ಅ, ಥೈಮಿನ್‌ಗೆ ಥ, ಗ್ವಾನಿನ್‌ಗೆ ಗ, ಸೈಟೋಸಿನ್‌ಗೆ ಸ ಎಂದು ಇಟ್ಟುಕೊಳ್ಳಿರಿ. ಕೋಶಗಳಲ್ಲಿ ರೋಮನ್ ಅಕ್ಷರಗಳಿರುತ್ತವೆಂದು ಮೊದಲೇ ತಿಳಿಸಿರಿ. ಕೆಳಗಿನ ಪಟ್ಟಿಗಳು ಅಭ್ಯಾಸಕ್ಕಾಗಿ ರಚಿಸಿದವು, ನಿಜವಾದ ಜೀವಿಗಳವಲ್ಲ.

ದಾಖಲೆ 1: ಅ ಥ ಗ ಸ ಸ ಥ ಗ ಅ ಥ ಗ ಸ ಅ
ದಾಖಲೆ 2: ಅ ಥ ಗ ಅ ಅ ಥ ಗ ಸ ಥ ಸ ಸ ಅ
ದಾಖಲೆ 3: ಗ ಗ ಥ ಸ ಅ ಅ ಥ ಅ ಸ ಗ ಥ ಥ
ಹೊಸ ಪಟ್ಟಿ: ಅ ಥ ಗ ಸ ಸ ಥ ಗ ಅ ಥ ಸ ಸ ಅ

ಹೊಸ ಪಟ್ಟಿಯನ್ನು ಪ್ರತಿ ದಾಖಲೆಯ ಕೆಳಗೆ ಇಟ್ಟು, ಒಂದೇ ಸ್ಥಾನದಲ್ಲಿ ಒಂದೇ ಅಕ್ಷರ ಬಂದಿರುವುದನ್ನು ಮಕ್ಕಳು ಎಣಿಸಲಿ. ಮೊದಲನೆಯದರೊಡನೆ 12ರಲ್ಲಿ 11, ಎರಡನೆಯದರೊಡನೆ 9, ಮೂರನೆಯದರೊಡನೆ 2 ಹೊಂದುತ್ತವೆ. ಮೂರನೆಯದರಲ್ಲಿಯೂ 2 ಹೊಂದಿವೆಯಲ್ಲ, ಅದು ದೂರದ ನಂಟೇ ಎಂದು ಯಾರಾದರೂ ಕೇಳಬಹುದು. ನಾಲ್ಕೇ ಅಕ್ಷರಗಳಿರುವುದರಿಂದ ಯಾವ ನಂಟೂ ಇಲ್ಲದ ಎರಡು ಸಾಲುಗಳಲ್ಲಿಯೂ ನಾಲ್ಕರಲ್ಲೊಂದು ಸ್ಥಾನ, ಅಂದರೆ 12ರಲ್ಲಿ ಸುಮಾರು 3, ಆಕಸ್ಮಿಕವಾಗಿಯೇ ಹೊಂದುತ್ತವೆ ಎಂಬುದನ್ನು ಆಗ ವಿವರಿಸಿರಿ. ಹೋಲಿಕೆಯು ಆಕಸ್ಮಿಕಕ್ಕಿಂತ ಎಷ್ಟು ಹೆಚ್ಚು ಎಂಬುದೇ ಮುಖ್ಯ. 1990ರಲ್ಲಿ ಪ್ರಕಟವಾದ ಬ್ಲಾಸ್ಟ್ ಎಂಬ ಹುಡುಕುವ ಕ್ರಮವೂ ಮೊದಲು ಹೊಂದುವ ಸಣ್ಣ ತುಣುಕುಗಳನ್ನು ಕಂಡು, ಅವನ್ನು ಎರಡೂ ಕಡೆಗೆ ಬೆಳೆಸಿ, ಆ ಹೊಂದಿಕೆ ಆಕಸ್ಮಿಕವೇ ಎಂಬುದನ್ನು ಲೆಕ್ಕ ಹಾಕುತ್ತದೆ. ಬೆಂಕಿ ರೋಗದ ಇಂಗ್ಲಿಷ್ ಹೆಸರೂ ಬ್ಲಾಸ್ಟ್ ಆಗಿರುವುದರಿಂದ ಗೊಂದಲವಾಗದಂತೆ ಎಚ್ಚರ ವಹಿಸಿರಿ.

ಚಟುವಟಿಕೆ 2: ನಮ್ಮೂರ ರಾಗಿಯ ದಾಖಲೆ

ಪ್ರತಿ ಮಗುವೂ ತನ್ನ ಮನೆಯ ಇಲ್ಲವೇ ನೆರೆಯ ಹೊಲದ ಒಂದು ರಾಗಿಯ ಬಗ್ಗೆ ಒಂದು ಪುಟದ ದಾಖಲೆಯನ್ನು ಬರೆಯಲಿ: ಕ್ರಮಸಂಖ್ಯೆ, ಮನೆಯವರು ಕರೆಯುವ ಹೆಸರು, ಊರು, ಬಿತ್ತಿದ ಮತ್ತು ಕೊಯ್ದ ತಿಂಗಳು, ತೆನೆಯ ಆಕಾರ, ಕಾಳಿನ ಬಣ್ಣ, ಬೀಜ ಬಂದದ್ದು ಎಲ್ಲಿಂದ, ಹೇಳಿದವರು ಯಾರು, ಬರೆದವರು ಯಾರು. ತಿಳಿಯದ ಕಡೆ ‘ತಿಳಿಯದು’ ಎಂದೇ ಬರೆಯಬೇಕು, ಊಹಿಸಿ ತುಂಬಬಾರದು. ಹೆಸರು ತಪ್ಪಾದ ದಾಖಲೆಯು ಇಲ್ಲದ ದಾಖಲೆಗಿಂತ ಹೆಚ್ಚು ಕೇಡು ಮಾಡುತ್ತದೆ, ಏಕೆಂದರೆ ಅದನ್ನು ನಂಬಿದ ಮುಂದಿನವರ ಹೋಲಿಕೆಗಳೂ ತಪ್ಪುತ್ತವೆ. ಎಲ್ಲ ಪುಟಗಳನ್ನು ಹೊಲಿದು ಶಾಲೆಯ ಗ್ರಂಥಾಲಯದಲ್ಲಿಟ್ಟರೆ ಅದೇ ಶಾಲೆಯ ಮೊದಲ ಸಾರ್ವಜನಿಕ ಕೋಶವಾಗುತ್ತದೆ. ಮುಂದಿನ ವರ್ಷದ ಮಕ್ಕಳು ಅದನ್ನು ತಿದ್ದಲಿ, ಬೆಳೆಸಲಿ.

ಪದಪರಿಚಯ

ಅನುಕ್ರಮ: ಡಿಎನ್‌ಎಯ ಘಟಕಗಳು ನಿಂತಿರುವ ಸಾಲು.
ಜೀನೋಮ್: ಒಂದು ಜೀವಿಯ ಪೂರ್ಣ ಆನುವಂಶಿಕ ಬರಹ.
ವಂಶವಾಹಿ: ಆ ಬರಹದಲ್ಲಿ ಒಂದು ನಿರ್ದಿಷ್ಟ ಕೆಲಸದ ಮಾಹಿತಿಯನ್ನು ಹೊತ್ತ ಭಾಗ.
ದತ್ತಾಂಶಕೋಶ: ಹುಡುಕಲು ಅನುಕೂಲವಾಗುವಂತೆ ಕ್ರಮವಾಗಿ ಜೋಡಿಸಿದ ಮಾಹಿತಿಯ ಸಂಗ್ರಹ.

ಮೌಲ್ಯಮಾಪನ ಪ್ರಶ್ನೆಗಳು

1. ಹಗೇವಿಗೂ ಅನುಕ್ರಮಗಳ ಕೋಶಕ್ಕೂ ಇರುವ ಒಂದು ಹೋಲಿಕೆಯನ್ನೂ ಎರಡು ವ್ಯತ್ಯಾಸಗಳನ್ನೂ ಬರೆಯಿರಿ.
2. ರಾಗಿಯ ವಂಶವಾಹಿಗಳ ಎಣಿಕೆ ಎರಡು ಅಧ್ಯಯನಗಳಲ್ಲಿ ಬೇರೆಯಾಗಲು ಕಾರಣವೇನು?
3. 12 ಸ್ಥಾನಗಳಲ್ಲಿ 3 ಹೊಂದಿದರೆ ಅದನ್ನು ನಂಟೆಂದು ಏಕೆ ಹೇಳಲಾಗದು?
4. ಮನುಷ್ಯರ ಅನುಕ್ರಮಗಳನ್ನು ರಾಗಿಯ ಅನುಕ್ರಮದಂತೆ ಎಲ್ಲರಿಗೂ ತೆರೆದಿಡಬಹುದೇ? ನಿಮ್ಮ ಅಭಿಪ್ರಾಯಕ್ಕೆ ಕಾರಣ ಕೊಡಿರಿ.

ಶಿಕ್ಷಕರಿಗೆ ಕೊನೆಯ ಮಾತು

ಈ ಕೋಶಗಳ ಬಾಗಿಲಲ್ಲಿ ಕಾವಲುಗಾರನಿಲ್ಲ. ಆದರೂ ನಮ್ಮ ಮಕ್ಕಳಿಗೆ ಅಲ್ಲಿ ಒಂದು ಹೊಸ್ತಿಲು ಇದೆ. ಅದು ಭಾಷೆಯ ಹೊಸ್ತಿಲು. ದಾಖಲೆಗಳು ಇಂಗ್ಲಿಷಿನಲ್ಲಿವೆ. ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಕನ್ನಡ, ಕಡ್ಡಾಯವಾಗಿ ಕಲಿಯುವ ತಮಿಳು, ಮುಂದೆ ಇಂಗ್ಲಿಷ್ ಹೀಗೆ ದಾಟಿ ಹೋಗಬೇಕಾದ ಮಗುವಿಗೆ ವಿಜ್ಞಾನವು ತನ್ನದಲ್ಲವೆಂದು ತೋರುವುದು ಸಹಜ. ವಿಷಯವು ಮೊದಲು ಕನ್ನಡದಲ್ಲಿ ಸ್ಪಷ್ಟವಾಗಿ ಮನಸ್ಸಿಗೆ ಇಳಿದಿದ್ದರೆ ಮುಂದೆ ಇಂಗ್ಲಿಷ್ ಪದವು ಬರಿಯ ಹೊಸ ಹೆಸರಾಗಿ ಬರುತ್ತದೆ. ಇಳಿಯದಿದ್ದರೆ ಅದು ಗೋಡೆಯಾಗಿ ನಿಲ್ಲುತ್ತದೆ. ಆ ಮೊದಲ ಸ್ಪಷ್ಟತೆಯನ್ನು ಕೊಡುವ ಕೆಲಸ ನಮ್ಮದು.

ಆದ್ದರಿಂದ ಅನುವಂಶೀಯತೆಯ ಪಾಠದ ದಿನ ಬಟಾಣಿಯ ಚಿತ್ರದ ಪಕ್ಕದಲ್ಲಿ ಒಂದು ರಾಗಿ ತೆನೆಯನ್ನೂ ಮೇಜಿನ ಮೇಲೆ ಇಡಿರಿ. ಇದರ ಬರಹವನ್ನು ಯಾರಾದರೂ ಓದಿದ್ದಾರೆಯೇ ಎಂದು ಮಗು ಕೇಳಿದರೆ ಹೀಗೆ ಹೇಳಿರಿ: ಓದಿದ್ದಾರೆ, ಬೆಂಗಳೂರಿನಲ್ಲಿಯೇ ಓದಿದ್ದಾರೆ, ಓದಿದ್ದನ್ನು ಎಲ್ಲರಿಗಾಗಿ ತೆರೆದಿಟ್ಟಿದ್ದಾರೆ. ಓದಬೇಕಾದದ್ದು ಇನ್ನೂ ಬಹಳ ಉಳಿದಿದೆ. ಅದನ್ನು ನೀನು ಓದಬಹುದು.